ಕೋಟೆ ಮಗ್ಗುಲಾದ ಮೇಲೆ

ನಮ್ಮೂರಿನ ಕೋಟೆ ಮಗ್ಗುಲಾದ ರಾತ್ರಿ ನಾನು ಜಗಲಿಯಲ್ಲಿ ಮಲಗಿದ್ದೆ, ನನ್ನ ಹೆಂಡತಿ ವಾರಿಜ ಒಳಗೆ ಮಲಗಿದ್ದಳು. ಬೆಳಿಗ್ಗೆ ಎದ್ದು ಬಾಗಿಲ ಕಡೆ ಕೈ ಚಾಚಿದರೆ ಬಾಗಿಲೇ ಇಲ್ಲ. ಬಾಗಿಲಿದ್ದಲ್ಲಿ ಕೆಂಪು ಮುರಕಲ್ಲಿನ ಗೋಡೆ, ತೆಂಗಿನಮರದಷ್ಟು ಎತ್ತರ, ಕಲ್ಲಿನ ಸಂದುಗಳಲ್ಲಿ ನೂರಾರು ವರ್ಷದ ಪಾಚಿ. ನಾನು ಜಗಲಿ ಸಮೇತ ಊರಿನ ಹೊರಗಾಗಿದ್ದೆ.

ಕೋಟೆ ಮಗ್ಗುಲಾಗುವುದು ನಮಗೇನೂ ಹೊಸತಲ್ಲ. ಸಮುದ್ರದ ದಂಡೆಯಲ್ಲಿ ಅಷ್ಟು ಕಾಲ ಒಂದೇ ಬದಿಗೆ ಮಲಗಿದ್ದರೆ ಯಾರಿಗಾದರೂ ಮೈ ನೋಯುತ್ತದೆ. ಐದಾರು ವರ್ಷಕ್ಕೊಮ್ಮೆ, ಯಾವುದೋ ಒಂದು ಸೆಕೆಯ ರಾತ್ರಿ, ಅದು ಆ ಕಡೆಗೋ ಈ ಕಡೆಗೋ ಒಂದಿಷ್ಟು ಹೊರಳುತ್ತದೆ. ಒಂದು ಬೀದಿ ಹೊರಗೆ ಬೀಳುತ್ತದೆ, ಇನ್ನೊಂದು ಒಳಗೆ ಬರುತ್ತದೆ. ಹಿಂದಿನ ಸಲ ಬೂಬನ ಒಣಮೀನಿನ ಅಂಗಡಿ ಒಳಗೆ ಬಂತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬೂಬ ತನ್ನ ಮುತ್ತಜ್ಜನ ಖಡ್ಗವೊಂದನ್ನು ಅಂಗಡಿಯಲ್ಲಿ ತೂಗುಹಾಕಿಯಾಗಿತ್ತು. ವಾರ ಕಳೆಯುವುದರೊಳಗೆ ಊರ ಸಭೆಯಲ್ಲಿ ಎದ್ದು ನಿಂತು, ಹೊರಗಿನವರ ಹಾವಳಿ ಮಿತಿಮೀರುತ್ತಿದೆ ಎಂದು ಭಾಷಣ ಮಾಡಿದ. ಮೊದಲು ಚಪ್ಪಾಳೆ ತಟ್ಟಿದವನು ನಾನೇ.

ಒಳಗಿದ್ದವರು ಊರಿನವರು, ಹೊರಗಿದ್ದವರು ಪ್ರವಾಸಿಗಳು. ನಮ್ಮ ಕಾನೂನು ಇಷ್ಟೇ. ಪ್ರವಾಸಿಯಾದವನು ಬೆಳಿಗ್ಗೆ ಟಿಕೇಟು ತೆಗೆದುಕೊಂಡು, ಓಲೆಯ ಟೊಪ್ಪಿ ಹಾಕಿಕೊಂಡು ಬರಬೇಕು, ಕಂಡದ್ದನ್ನೆಲ್ಲ ಹೊಗಳಬೇಕು, ಸಂಜೆ ಜಾಗಟೆ ಬಾರಿಸಿದಾಗ ಹೊರಟುಹೋಗಬೇಕು. ಮಗ್ಗುಲಿನಲ್ಲಿ ಹೊರಬಿದ್ದವರಿಗೆ ಮಾತ್ರ ಒಂದು ರಿಯಾಯಿತಿ ಉಂಟು. ಅವರು ಮೊದಲ ಸಲ ಟಿಕೇಟು ತೆಗೆದುಕೊಂಡು ಬಂದ ದಿನ, ಬಾಗಿಲು ಮುಚ್ಚುವುದರೊಳಗೆ, ಅವರ ಜೊತೆ ಒಂದೇ ಸೂರಿನಡಿ ಬಾಳಿದವರು ಯಾರಾದರೂ ಬಂದು "ಇವರು ನಮ್ಮವರು" ಎಂದರೆ ಟೊಪ್ಪಿ ತೆಗೆದಿಟ್ಟು ಮನೆಗೆ ನಡೆಯಬಹುದು. ಯಾರೂ ಹೇಳದಿದ್ದರೆ ಮುಂದಿನ ಮಗ್ಗುಲಿನವರೆಗೂ ಪ್ರವಾಸಿಯೇ. ನಮ್ಮ ಮಗಳು ಕುಸುಮಳನ್ನು ಕೊಟ್ಟ ಮನೆ ಹಿಂದಿನ ಸಲ ಸೂರು ಸಮೇತ ಹೊರಗೆ ಬಿತ್ತು; ಕೊಟ್ಟ ಹೆಣ್ಣಿಗೆ ತವರಿನ ಸೂರು ಲೆಕ್ಕಕ್ಕಿಲ್ಲ, ಹೇಳುವುದಕ್ಕೆ ಒಳಗೆ ಯಾರೂ ಉಳಿಯಲಿಲ್ಲ. ಅಂದಿನಿಂದ ಅವಳು ತವರಿಗೆ ಬರುವುದು ಟೊಪ್ಪಿ ಹಾಕಿಕೊಂಡೇ.

ನನಗೆ ಆ ಹೆದರಿಕೆ ಇರಲಿಲ್ಲ. ಹೆಂಡತಿ ಒಳಗೇ ಇದ್ದಳಲ್ಲ. ಅದೂ ಅಲ್ಲದೆ ನಾನು ಯಾರೋ ದಾರಿಹೋಕನಲ್ಲ. ಐತಪ್ಪ, ಇಪ್ಪತ್ತೈದು ವರ್ಷದಿಂದ ಪ್ರವಾಸಿಗಳಿಗೆ ಈ ಊರು ತೋರಿಸುತ್ತ ಬಂದ ಗೈಡು. ಈ ಊರಿನ ಚರಿತ್ರೆಯಲ್ಲಿ ಅರ್ಧದಷ್ಟು ನಾನೇ ಮಾಡಿದ್ದು. ವಾರಿಜ ಬಾಗಿಲಿಗೆ ಓಡಿ ಬಂದು ನನ್ನ ಹೆಸರು ಹಿಡಿದು ಅತ್ತಾಳು, ಊರಿನ ನಾಲ್ಕು ದೊಡ್ಡ ಜನ ಬಂದು ಕರೆದಾರು, ಆಮೇಲೆ ಹೋದರಾಯಿತು ಎಂದು ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಯಾರೂ ಬರಲಿಲ್ಲ. ಗೋಡೆಗೆ ಕಿವಿಯಿಟ್ಟು ಕೇಳಿದೆ. ಸಮುದ್ರದ ಮೊರೆತವನ್ನೇ ದಾಟಗೊಡದ ಗೋಡೆ ಹೆಂಡತಿಯ ಅಳುವನ್ನು ದಾಟಗೊಟ್ಟೀತೇ? ಅಳುತ್ತಿದ್ದಾಳೆ ಎಂದೇ ನಂಬಿಕೊಂಡೆ.

ಕುಸುಮ ದಿನವೂ ಊಟ ತಂದು ಕೊಡುತ್ತಿದ್ದಳು. ನಾಲ್ಕನೆಯ ದಿನ ಅವಳಿಗೆ ರೋಸಿಹೋಯಿತು. "ಅಪ್ಪ, ನೀವು ಇಲ್ಲಿ ಹೀಗೆ ಕೂತ್ರೆ ಅಮ್ಮನಿಗೆ ಹೇಗೆ ಗೊತ್ತಾಗುದು? ಟಿಕೇಟು ತಗೊಂಡು ಹೋಗಿ, ಕೇಳಿ."

"ನಾನು ಕೇಳುದಾ? ನನ್ನ ಮನೆಗೆ ಹೋಗ್ಲಿಕ್ಕೆ?"

"ಮತ್ತೆ ಬೇರೆಯವರ ಮನೆಗೆ ಹೋಗ್ಲಿಕ್ಕೆ ಕೇಳ್ತೀರಾ?" ಎಂದು ಅವಳು ಪಾತ್ರೆ ಎತ್ತಿಕೊಂಡು ಹೋದಳು. ಮಾತಿನಲ್ಲಿ ಅವಳು ಥೇಟ್ ತಾಯಿಯೇ.

ಮರುದಿನ ಬೆಳಿಗ್ಗೆ ಟಿಕೇಟು ತೆಗೆದುಕೊಂಡು, ಟೊಪ್ಪಿ ಹಾಕಿಕೊಂಡು ಹೋದೆ. ಕೋಟೆಬಾಗಿಲಲ್ಲಿ ಟಿಕೇಟು ಹರಿಯುವವರು ಪೀರ್ ಸಾಹೇಬರು. ನಾವಿಬ್ಬರೂ ಒಂದೇ ಗ್ಲಾಸಿನ ಚಹಾವನ್ನು ಅರ್ಧರ್ಧ ಕುಡಿದು ವಯಸ್ಸಾದವರು. ನಾನು ಹತ್ತಿರ ಹೋಗಿ, "ಸಾಹೇಬ್ರೆ, ನಾನು," ಎಂದೆ.

"ಸ್ವಾಗತ," ಎಂದರು ಅವರು. "ಬಿಸಿಲು ಜೋರುಂಟು, ಟೊಪ್ಪಿ ತೆಗೀಬೇಡಿ."

"ನಾನು ಐತಪ್ಪ ಮಾರಾಯ್ರೆ! ಇದೇ ಊರಲ್ಲಿ ಹುಟ್ಟಿದವ!"

ಪೀರ್ ಸಾಹೇಬರು ಹಲ್ಲು ಕಾಣದ ಹಾಗೆ ನಕ್ಕರು. ಆ ನಗುವಿನ ಗುಟ್ಟು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಊರಿಗೆ ಕಲಿಸಿದವನೇ ನಾನು. ಪ್ರವಾಸಿಗಳೆಂದರೆ ಹಾಗೆಯೇ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಮುಖಕ್ಕೆ ಬೀಸಿತೋ ಇಲ್ಲವೋ, "ನಾನು ಇಲ್ಲೇ ಹುಟ್ಟಿದವನೇನೋ ಅನಿಸುತ್ತದೆ" ಎಂದು ಕಣ್ಣು ಮುಚ್ಚುತ್ತಾರೆ. ಅದನ್ನು ಹೌದೆನ್ನಬಾರದು, ಅಲ್ಲವೆನ್ನಲೂ ಬಾರದು, ಸುಮ್ಮನೆ ಹೀಗೆ ನಗಬೇಕು ಎಂದು ಹೊಸ ಗೈಡುಗಳಿಗೆಲ್ಲ ಹೇಳಿಕೊಟ್ಟಿದ್ದೆ. "ಎಲ್ರಿಗೂ ಹಾಗೇ ಅನಿಸ್ತದೆ," ಎಂದರು ಸಾಹೇಬರು. ಆಮೇಲೆ ಟಿಕೇಟು ಹರಿಯುವ ನೆಪದಲ್ಲಿ ಬಗ್ಗಿ, "ಜಾಗಟೆಗೆ ಮೊದಲು ವಾರಿಜಕ್ಕನನ್ನು ಕರ್ಕೊಂಡು ಬನ್ನಿ. ನಾನು ಗುರುತು ಹಿಡಿದ್ರೆ ನಾಳೆ ನನ್ನ ತಲೆಗೂ ಟೊಪ್ಪಿ," ಎಂದು ಗಡ್ಡದೊಳಗೆ ಗೊಣಗಿದರು.

ಪ್ರವಾಸಿ ಒಬ್ಬನೇ ತಿರುಗುವಂತಿಲ್ಲ. ನನ್ನನ್ನು ದೂಮಪ್ಪನ ಗುಂಪಿಗೆ ಸೇರಿಸಿದರು. ದೂಮಪ್ಪ ಎಂದರೆ ಊರಿನ ಇನ್ನೊಬ್ಬ ಗೈಡು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ಇಷ್ಟು ವರ್ಷ ನಾನು ಬಿಟ್ಟ ಪ್ರವಾಸಿಗಳನ್ನು ಆಯ್ದುಕೊಂಡು ಹೊಟ್ಟೆ ಹೊರೆದವನು. ನನ್ನನ್ನು ಕಂಡೊಡನೆ ಅವನ ಮುಖ ಹಬ್ಬದ ದಿನದ ಹಾಗೆ ಅರಳಿತು. "ಬನ್ನಿ ಸರ್, ಬನ್ನಿ. ಯಾವ ಊರಿನಿಂದ ಬಂದ್ರಿ?" ಎಂದ. ನಾನು ಮುಖ ತಿರುಗಿಸಿದೆ. "ಸ್ವಲ್ಪ ನಾಚಿಕೆ ಸ್ವಭಾವ," ಎಂದು ಗುಂಪಿಗೆ ಹೇಳಿದ.

ಮೊದಲು ಬುರುಜಿನ ಮೇಲಿನ ಫಿರಂಗಿಯ ಹತ್ತಿರ ಕರೆದೊಯ್ದ. ಆ ಫಿರಂಗಿಯ ಕಥೆ ನನ್ನದು, ನಾನು ಹುಟ್ಟಿಸಿ ಸಾಕಿದ್ದು. ರಾಜನ ಮೇಲೆ ಮುನಿಸಿಕೊಂಡು ರಾಣಿ ಹಡಗು ಹತ್ತಿ ಹೊರಟಳು. ರಾಜ ಹಡಗಿಗೆ ಗುಂಡು ಹೊಡೆಯಲು ಹೇಳಿದ. ಫಿರಂಗಿ ಹಾರಿಸುವ ಗೋಲಂದಾಜ ರಾಣಿಯ ಕೈಯ ಅನ್ನ ಉಂಡವನು, ಬೇಕೆಂದೇ ಗುರಿ ತಪ್ಪಿಸಿದ. ಈ ಕಥೆಗೆ ಕಣ್ಣೊರೆಸಿಕೊಳ್ಳದ ಪ್ರವಾಸಿಯನ್ನು ನಾನು ಕಂಡಿಲ್ಲ. ಆ ದೂಮಪ್ಪನೋ, ಗುಂಡು ತಾಗಿ ಹಡಗು ಮುಳುಗಿತು ಎಂದುಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. "ತಾಗ್ಲಿಲ್ಲ! ಗುಂಡು ತಪ್ಪಿತು! ಕಥೆಯ ಜೀವವೇ ಅದು, ಕತ್ತೆ!"

"ಚರಿತ್ರೆಯಲ್ಲಿ ಅಭಿಪ್ರಾಯಭೇದ ಇದ್ದದ್ದೇ ಸರ್," ಎಂದ ದೂಮಪ್ಪ ತಣ್ಣಗೆ.

ಗುಂಪಿನಲ್ಲಿ ದಪ್ಪ ಕನ್ನಡಕದ ಒಬ್ಬರು ಟೀಚರಮ್ಮ ಇದ್ದರು. ಅವರು ನನ್ನತ್ತ ತಿರುಗಿ, ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವವರ ಹಾಗೆ, "ಗೈಡು ಹೇಳುವಾಗ ನಡುವೆ ಬಾಯಿ ಹಾಕ್ಬಾರದು. ಅವರು ಇಲ್ಲಿಯವರು. ಅವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತುಂಟಾ?" ಎಂದರು. ಉಳಿದವರೆಲ್ಲ ತಲೆಯಾಡಿಸಿದರು. ಟೊಪ್ಪಿ ಹಾಕಿದ ಮೇಲೆ ತಲೆಯೊಳಗಿನದ್ದಕ್ಕೆ ಬೆಲೆಯಿಲ್ಲ ಎಂದು ನನಗೆ ಆಗ ತಿಳಿಯಿತು.

ಅಲ್ಲಿಂದ ದೂಮಪ್ಪ ನಮ್ಮ ಓಣಿಗೇ ತಿರುಗಿದ. ನಾನು ಗುಂಪಿನ ಮುಂದಕ್ಕೆ ನುಗ್ಗಿದೆ. ನಮ್ಮ ಮನೆಯ ಹಿತ್ತಿಲ ಬಾಗಿಲಿನ ಮುಂದೆ ಗುಂಪನ್ನು ನಿಲ್ಲಿಸಿ ಅವನು ಗಂಟಲು ಸರಿಮಾಡಿಕೊಂಡ. "ಇದು ಊರಿಗೇ ಪ್ರಸಿದ್ಧವಾದ ಅರ್ಧ ಮನೆ. ಮುನ್ನೂರು ವರ್ಷದ ಹಿಂದೆ ಇಲ್ಲಿ ಒಬ್ಬ ಮಾತುಗಾರ ಇದ್ದ. ಬಾಯಿ ಜೋರು, ಜಂಬವೂ ಜಾಸ್ತಿ. ಒಂದು ದಿನ ಜಗಲಿಗೆ ಮಲಗ್ಲಿಕ್ಕೆ ಹೋದವ ವಾಪಸು ಬರ್ಲಿಲ್ಲ. ಅವನ ಮನೆತನದ ಹೆಂಗಸರು ಇವತ್ತಿಗೂ ಇಲ್ಲಿ ಅನ್ನ ಬಡಿಸ್ತಾರೆ." ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನನ್ನು ಮುನ್ನೂರು ವರ್ಷದ ಹಿಂದೆ ಕೊಂದುಹಾಕಲು ಆ ಬೇವರ್ಸಿಗೆ ಒಂದು ವಾರವೂ ಬೇಕಾಗಲಿಲ್ಲ.

ಒಳಗೆ ಹೋದೆವು. ನಮ್ಮ ಅಡುಗೆಮನೆ, ನಮ್ಮ ಚಾಪೆಗಳು. ಮುಂಬಾಗಿಲಿದ್ದಲ್ಲಿ ಮಾತ್ರ ಕೋಟೆಯ ಒಳಮೈ, ಅದಕ್ಕೆ ಯಾರೋ ಆಗಲೇ ಹೂವಿನ ಮಾಲೆ ಹಾಕಿದ್ದರು. ವಾರಿಜ ಸೊಂಟಕ್ಕೆ ಸೆರಗು ಸಿಕ್ಕಿಸಿ ನೀರುದೋಸೆ ಹೊಯ್ಯುತ್ತಿದ್ದಳು. ಅಳುತ್ತಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕೈಯ ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಎಲ್ಲರಿಗೂ ಹೇಳುವ ಹಾಗೆ, "ಕೂತ್ಕೊಳ್ಳಿ, ಬಿಸಿ ಇರುವಾಗಲೇ ತಿನ್ನಿ," ಎಂದಳು.

ಎಲೆಗೆ ದೋಸೆ ಬಿತ್ತು, ಬಂಗುಡೆಯ ಸಾರು ಬಿತ್ತು. ನಾನು ಒಂದು ತುತ್ತು ಬಾಯಿಗಿಟ್ಟು, ಇಪ್ಪತ್ತೈದು ವರ್ಷದ ರೂಢಿಯಂತೆ, "ಹುಳಿ ಜಾಸ್ತಿಯಾಯ್ತು," ಎಂದೆ.

ಪಂಕ್ತಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಟೀಚರಮ್ಮ ನನ್ನನ್ನು ನೋಡಿದ ರೀತಿಗೆ ನನ್ನ ಕೈ ಎಲೆಯಲ್ಲೇ ನಿಂತಿತು. ದೂಮಪ್ಪ ಮೆಲ್ಲಗೆ ಬಂದು, "ಪ್ರವಾಸಿಗಳು ಹೊಗಳ್ಬೇಕು ಸರ್. ಇಲ್ಲದಿದ್ರೆ ಮಧ್ಯದಲ್ಲೇ ಹೊರಗೆ ಕಳಿಸ್ಬೇಕಾಗ್ತದೆ," ಎಂದ. ಸಂಜೆಯವರೆಗೆ ಒಳಗಿರದಿದ್ದರೆ ನನ್ನ ಕೆಲಸ ಕೆಡುತ್ತದೆ. ಹಾಗಾಗಿ ಹೊಗಳುವುದಕ್ಕೆಂದು ಇನ್ನೊಂದು ತುತ್ತು ತಿಂದೆ, ಏನು ಹೇಳಬಹುದು ಎಂದು ಹುಡುಕುತ್ತ ನಿಧಾನ ಅಗಿದೆ. ಹುಳಿಯ ಹಿಂದೆ ಖಾರ ಬಂತು, ಖಾರದ ಹಿಂದೆ ಕೊತ್ತಂಬರಿ ಹುರಿದ ಪರಿಮಳ ಬಂತು. ದೇವರಾಣೆಗೂ ಅದು ಒಳ್ಳೆಯ ಸಾರು. ಅದು ಯಾವತ್ತೂ ಒಳ್ಳೆಯ ಸಾರೇ ಆಗಿದ್ದಿರಬೇಕು.

"ಚೆನ್ನಾಗುಂಟು," ಎಂದೆ.

ವಾರಿಜ ಸೌಟು ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತಳು. "ಎಂತ ಹೇಳಿದ್ರಿ? ಕೇಳ್ಲಿಲ್ಲ."

"ಸಾರು ಚೆನ್ನಾಗುಂಟು ಅಂದೆ."

"ಇನ್ನೂ ಎರಡು ದೋಸೆ ಹಾಕ್ತೇನೆ," ಎಂದಳು. ಅವಳ ಕಿವಿ ಕೆಂಪಾದದ್ದನ್ನು ನಾನು ಮದುವೆಯ ದಿನ ಬಿಟ್ಟರೆ ಆವತ್ತೇ ನೋಡಿದ್ದು.

ಉಂಡೆದ್ದ ಮೇಲೆ ಗುಂಪು ದೀಪಸ್ತಂಭ ನೋಡಲು ಹೊರಟಿತು. ಪ್ರವಾಸಿಯನ್ನು ಊರಿನವರು ಯಾರಾದರೂ ವಹಿಸಿಕೊಳ್ಳಬಹುದು. ವಾರಿಜ ನನ್ನನ್ನು ವಹಿಸಿಕೊಂಡಳು. "ಜಾಗಟೆಗೆ ಮೊದಲು ಬಾಗಿಲಿಗೆ ಮುಟ್ಟಿಸಿ ಅಕ್ಕ," ಎಂದು ದೂಮಪ್ಪ ಹೋದ. ಅವನು ಮರೆಯಾಗುವುದನ್ನೇ ಕಾದಿದ್ದು ನಾನು ಹೇಳಿದೆ: "ನಡಿ, ಈಗಲೇ ಬಾಗಿಲಿಗೆ ಹೋಗುವ. ಒಂದು ಮಾತು ಹೇಳಿದ್ರೆ ಆಯ್ತು, ಸಂಜೆ ಈ ಟೊಪ್ಪಿಯಲ್ಲಿ ಒಲೆ ಹೊತ್ತಿಸುವ."

"ಅವಸರ ಎಂತದು?" ಎಂದಳು ಅವಳು ಕೈಯೊರೆಸಿಕೊಳ್ಳುತ್ತ. "ಟಿಕೇಟು ತಗೊಂಡು ಬಂದಿದ್ದೀರಿ. ಊರು ನೋಡಿ."

"ಈ ಊರನ್ನು ನಾನು ನೋಡಿಲ್ವಾ?"

"ತೋರಿಸಿದ್ದೀರಿ. ನೋಡಿದ್ದು ಗೊತ್ತಿಲ್ಲ."

ಅವಳು ಮುಂದೆ, ನಾನು ಹಿಂದೆ. ಬಟ್ಟೆ ಒಗೆಯುವ ಕಲ್ಲುಗಳಿರುವ ಕಡೆ, ಗೋಡೆಗೆ ಅಂಟಿಕೊಂಡ ಒಂದು ಮೆಟ್ಟಿಲಸಾಲು ಹತ್ತಿಸಿದಳು. ಅಂಥದ್ದೊಂದು ಇದೆಯೆಂದೇ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅದಕ್ಕೂ ಒಂದು ರಾಣಿಯನ್ನು ಹುಟ್ಟಿಸುತ್ತಿದ್ದೆ. ಮೇಲೆ ಒಂದು ಸಣ್ಣ ಕಟ್ಟೆ, ಎದುರಿಗೆ ಇಡೀ ಸಮುದ್ರ. ಓಣಿಯ ಮೂರು ನಾಲ್ಕು ಹೆಂಗಸರು ಬಟ್ಟೆ ಒಣಗಹಾಕಿ ಕುಳಿತಿದ್ದರು. ನನ್ನ ಕೈಯಿಂದ ಅವರ ಮಕ್ಕಳಿಗೆಲ್ಲ ಪೆಪ್ಪರಮಿಂಟು ಸಿಕ್ಕಿದೆ. "ನಿಮ್ಮ ಪ್ರವಾಸಿಯಾ?" ಎಂದು ಕೇಳಿದರು ವಾರಿಜಳನ್ನು. "ಹೌದು," ಎಂದಳು. "ಪಾಪ, ಒಳ್ಳೆಯವರ ಹಾಗೆ ಕಾಣ್ತಾರೆ," ಎಂದು ನನಗೆ ಕೂರಲು ಜಾಗ ಬಿಟ್ಟು ಎದ್ದುಹೋದರು.

ವಾರಿಜ ಕೈಚಾಚಿ ತೋರಿಸಿದಳು. ಅಲ್ಲಿಂದ ಬುರುಜು ಕಾಣುತ್ತಿತ್ತು, ಫಿರಂಗಿ ಕಾಣುತ್ತಿತ್ತು, ಫಿರಂಗಿಯ ಸುತ್ತ ಓಲೆಟೊಪ್ಪಿಗಳು ಕಾಣುತ್ತಿದ್ದವು. "ನೀವು ಅಲ್ಲಿ ನಿಂತು ಎರಡೂ ಕೈ ಎತ್ತಿ ಎಂತದೋ ಹೇಳ್ತಿದ್ರಿ. ಜನ ಅಳ್ತಿದ್ರು. ದಿನಾ ಇಲ್ಲಿ ಕೂತು ನೋಡ್ತಿದ್ದೆ. ಎಂತ ಹೇಳ್ತಿದ್ರಿ ಅಂತ ಮಾತ್ರ ಕೇಳ್ತಿರ್ಲಿಲ್ಲ."

"ಮನೆಯಲ್ಲಿ ಕೇಳ್ಬಹುದಿತ್ತಲ್ಲ?"

"ಕೇಳಿದ್ದೆ. ಇಡೀ ದಿನ ಮಾತಾಡಿ ಗಂಟಲು ನೋಯ್ತದೆ, ಸುಮ್ಮನಿರು ಅಂದಿದ್ರಿ."

ಅಂದಿದ್ದಿರಬಹುದು. ಗೈಡಿನ ಗಂಟಲು ಅವನ ಬಂಡವಾಳ, ಮನೆಯಲ್ಲಿ ಖರ್ಚು ಮಾಡಿದರೆ ಹೊರಗೆ ದಿವಾಳಿ. ಇದು ಈಗಲೂ ನನ್ನ ಅಭಿಪ್ರಾಯವೇ. ಆದರೆ ಆವತ್ತು ವಾದಿಸುವ ಸ್ಥಿತಿಯಲ್ಲಿರಲಿಲ್ಲ. ಎದ್ದು ನಿಂತು, ಟೊಪ್ಪಿ ಸರಿಮಾಡಿಕೊಂಡು, ಫಿರಂಗಿಯ ಕಥೆಯನ್ನು ಅವಳಿಗೆ ಹೇಳಿದೆ. ಮೊದಲಿಗೆ ನಾಲಗೆ ತೊದಲಿತು. ಒಬ್ಬಳಿಗೇ ಹೇಳುವುದು ನೂರು ಜನರಿಗೆ ಹೇಳಿದ ಹಾಗಲ್ಲ, ಅದರಲ್ಲೂ ನಿಮ್ಮ ಸುಳ್ಳುಗಳನ್ನೆಲ್ಲ ಬಲ್ಲವಳಿಗೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಗೋಲಂದಾಜ ಗುರಿ ತಪ್ಪಿಸಿದ ಎಂದಾಗ ಬಿದ್ದು ಬಿದ್ದು ನಕ್ಕಳು. "ಶುದ್ಧ ಸುಳ್ಳು!" ಎಂದಳು. ಆಮೇಲೆ, "ರಾಣಿ ಎಲ್ಲಿಗೆ ಹೋದ್ಲು?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಯಾವ ಪ್ರವಾಸಿಯೂ ಆ ಪ್ರಶ್ನೆ ಕೇಳಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಆಗ ವಾರಿಜ ತಾನೇ ಹೇಳಲು ತೊಡಗಿದಳು: ಹಡಗಿನಲ್ಲಿ ಅಡುಗೆಯವನಿಗೆ ಅಡುಗೆ ಬರುತ್ತಿರಲಿಲ್ಲ, ರಾಣಿಯೇ ಒಲೆ ಹಚ್ಚಿದಳು, ಬಂದರು ಬಂದರಿನಲ್ಲಿ ಜನ ಅವಳ ಅಡುಗೆಗೆ ಸಾಲು ನಿಂತರು. ಬಿಸಿಲು ಇಳಿಯುವವರೆಗೂ ಹೇಳಿದಳು. ನಾನು ಕೇಳಿದೆ. ಕೇಳುವುದು ಪ್ರವಾಸಿಯ ಧರ್ಮವೆಂದು ಕೇಳಲು ಶುರುಮಾಡಿದ್ದು, ನಡುವೆಲ್ಲೋ ಧರ್ಮ ಮರೆತುಹೋಗಿ ಸುಮ್ಮನೆ ಕೇಳುತ್ತಿದ್ದೆ. ಅಂಥ ಸಂತೋಷ ನನಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. ಗೆದ್ದೆ, ಇನ್ನು ಬಾಗಿಲಲ್ಲಿ ಒಂದು ಮಾತು ಬಾಕಿ ಎಂದುಕೊಂಡೆ.

ಬಾಗಿಲಿನ ಹತ್ತಿರ ಬಂದಾಗ ಪ್ರವಾಸಿಗಳೆಲ್ಲ ಟೊಪ್ಪಿ ಒಪ್ಪಿಸಿ ಹೊರಗೆ ಹೋಗುತ್ತಿದ್ದರು. ಪೀರ್ ಸಾಹೇಬರು ಜಾಗಟೆ ಕೈಗೆತ್ತಿಕೊಂಡು ನಮ್ಮ ದಾರಿ ನೋಡುತ್ತಿದ್ದರು. ನಾನು ಟೊಪ್ಪಿ ತೆಗೆಯಲು ಕೈಯೆತ್ತಿದೆ. ವಾರಿಜ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿದಳು.

"ನೀವು ಹೊರಗೆ ಬಿದ್ದ ದಿನ ಅತ್ತುಬಿಟ್ಟೆ," ಎಂದಳು. "ಮಾರನೇ ದಿನವೂ ಅತ್ತೆ. ಆಮೇಲೆ ಹಸಿವಾಯ್ತು, ಅಡುಗೆ ಮಾಡಿದೆ. ದೂಮಪ್ಪ ಜನ ಕರ್ಕೊಂಡು ಬಂದ, ಬಡಿಸಿದೆ. ಉಂಡವರೆಲ್ಲ ಹೋಗುವಾಗ ಕೈಮುಗಿದ್ರು. ನನಗೆ ಯಾರೂ ಕೈಮುಗ್ದಿರ್ಲಿಲ್ಲ."

"ನಾನೂ ಮುಗೀತೇನೆ. ದಿನಾ ಮುಗೀತೇನೆ."

"ಕೇಳಿ. ನೀವು ಬೇಡ ಅಂತ ಅಲ್ಲ. ಇವತ್ತು ಬಂದವರು ನನಗೆ ಬೇಕು. ಆದರೆ ಮನೆಯೊಳಗೆ ಸೇರಿಸಿದ್ರೆ ಇವತ್ತಿನವರು ಹೋಗ್ತಾರೆ, ಮೊದಲಿನವರು ಬಂದು ಕೂರ್ತಾರೆ."

"ಆಣೆ ವಾರಿಜ, ನಾನು ಬದಲಾಗಿದ್ದೇನೆ."

"ಇಷ್ಟು ದೊಡ್ಡ ಕೋಟೆಗೆ ಮಗ್ಗುಲು ಬದಲಿಸ್ಲಿಕ್ಕೆ ಐದಾರು ವರ್ಷ ಬೇಕಾಗ್ತದೆ. ನಿಮಗೆ ಒಂದು ಮಧ್ಯಾಹ್ನ ಸಾಕಾಯ್ತಾ?"

ಇಪ್ಪತ್ತೈದು ವರ್ಷ ಮಾತು ಮಾರಿ ಬದುಕಿದವನಿಗೆ, ಬೇಕಾದ ಹೊತ್ತಿಗೆ ಒಂದು ಮಾತೂ ಸಿಗಲಿಲ್ಲ. ಪೀರ್ ಸಾಹೇಬರು ನಿಯಮದ ಪ್ರಕಾರ, ಎಲ್ಲರಿಗೂ ಕೇಳುವ ಹಾಗೆ, "ಅಮ್ಮ, ಈ ಮನುಷ್ಯ ನಿಮಗೆ ಏನಾಗ್ಬೇಕು?" ಎಂದು ಕೇಳಿದರು.

ವಾರಿಜ ನನ್ನ ಟೊಪ್ಪಿಯನ್ನು ನೇರ ಮಾಡಿದಳು. ಅವಳ ಕಣ್ಣು ತುಂಬಿತ್ತು. "ಪ್ರವಾಸಿಗಳು," ಎಂದಳು. ಆಮೇಲೆ ಸಾಹೇಬರ ಕಡೆ ತಿರುಗಿ, "ನಾಳೆ ಊಟಕ್ಕೆ ನಮ್ಮಲ್ಲಿಗೇ ಕಳಿಸಿ. ಬೇರೆ ಯಾರ ಮನೆಗೂ ಬೇಡ," ಎಂದಳು.

ಸಾಹೇಬರು ಜಾಗಟೆ ಬಾರಿಸಿದರು. ನನಗೆ ಸಿಟ್ಟು ಬಂದಿತ್ತು, ಅವಮಾನವಾಗಿತ್ತು, ಎರಡನ್ನೂ ಮೀರಿ ದುಃಖವಾಗುತ್ತಿತ್ತು. ಬಾಗಿಲು ಮುಚ್ಚುವ ಕೊನೆಯ ಗಳಿಗೆಯವರೆಗೂ ಅವಳು ಅಲ್ಲೇ ನಿಂತಿದ್ದಳು, ನಾನೂ ನಿಂತಿದ್ದೆ. ನಾವಿಬ್ಬರೂ ಹಿಂದೆಂದಾದರೂ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದು ನೆನಪಿಲ್ಲ.

ಹೊರಗೆ ಟೀಚರಮ್ಮ ಗಾಡಿಗಾಗಿ ಕಾಯುತ್ತಿದ್ದರು. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅವರಿಗೆ ಬೆಳಗಿನ ಕೋಪವೆಲ್ಲ ಇಳಿದಿರಬೇಕು. "ನೋಡಿದ್ರಾ, ನಿಮಗೂ ಮನಸ್ಸಿಗೆ ಹಿಡಿಸ್ತು," ಎಂದರು. "ಎಲ್ಲ ನೋಡಿ ಆಯ್ತಾ?"

"ಎಲ್ಲಿ ಆಗ್ತದೆ?" ಎಂದೆ. "ಶುರುವಾದದ್ದೇ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಇಲ್ಲಿ ಭಾರೀ ಸಾಲು ಇರ್ತದಾ, ನಿಮಗೇನಾದ್ರೂ ಗೊತ್ತುಂಟಾ?"